ಬಂಡೆಮ್ಮನ ಗೋಣಿತಟ್ಟು, ಸಂಶೋಧನೆಯ ಟವೆಲು

ಕಮಲಾಪುರದಿಂದ ಕಲಬುರಗಿಗೆ ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿದ ಸುಜಾತಾಳಿಗೆ ಕೂರಲು ಜಾಗ ಸಿಕ್ಕಿದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಒಂದು ಪೆಟ್ಟಿಗೆಯ ದಯೆಯಿಂದ. ಬಿಳಿ ಪೆಟ್ಟಿಗೆ, ಅದರ ಮೇಲೆ ಕೆಂಪು ಅಕ್ಷರ. ಸೀಟಿನಲ್ಲಿ ಕೂತವರು "ಇದರಾಗ ಏನದ ಅಕ್ಕಾ?" ಎಂದು ಕೇಳುವರು. ಅವಳು "ರಕ್ತ" ಎನ್ನುವಳು. ಕೇಳಿದವರು ಮೆಲ್ಲಗೆ ಎದ್ದು ಡ್ರೈವರನ ಪಕ್ಕಕ್ಕೆ ಹೋಗಿ ನಿಲ್ಲುವರು. ಕಂಡಕ್ಟರ್ ಕರೀಂಸಾಬ್ ಮಾತ್ರ ಹೆದರುವ ಪೈಕಿ ಅಲ್ಲ. "ರಕ್ತ ಇರ್ಲಿ, ಬಂಗಾರ ಇರ್ಲಿ, ಲಗೇಜ್ ಅಂದ್ರ ಲಗೇಜೇ" ಎಂದು ಪೆಟ್ಟಿಗೆಗೂ ಒಂದು ಟಿಕೆಟ್ ಹರಿದು ಕೊಟ್ಟ.

ಅದರಲ್ಲಿ ಇದ್ದದ್ದು ಪೂರಾ ರಕ್ತವೂ ಅಲ್ಲ, ರಕ್ತದ ಒಂದು ಪಾಲು. ಸುಜಾತಾ ಕಲಬುರಗಿಯ ಒಂದು ರಕ್ತನಿಧಿಯಲ್ಲಿ ಟೆಕ್ನಿಶಿಯನ್. ದಾನಿಗಳು ಕೊಟ್ಟ ರಕ್ತವನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಪಾಲು ಮಾಡುವುದು ಅವಳ ಕೆಲಸ. ಅಣ್ಣತಮ್ಮಂದಿರ ಪಾಲಿಗಿಂತ ಇದು ಎಷ್ಟೋ ಶಾಂತವಾಗಿ ಮುಗಿಯುತ್ತದೆ. ಕೆಂಪು ಕಣ ಫ್ರಿಜ್ಜಿಗೆ ಹೋಗುತ್ತದೆ, ಪ್ಲಾಸ್ಮಾ ಮಂಜುಗಟ್ಟಿಸುವ ಪೆಟ್ಟಿಗೆಗೆ ಹೋಗುತ್ತದೆ, ಎರಡೂ ವಾರಗಟ್ಟಲೆ ತಿಂಗಳುಗಟ್ಟಲೆ ತಕರಾರಿಲ್ಲದೆ ಬಿದ್ದಿರುತ್ತವೆ. ರಗಳೆಯೆಲ್ಲ ಪ್ಲೇಟ್‌ಲೆಟ್ ಎಂಬ ಹಳದಿ ಪಾಲಿನದು. ಮೈಯೊಳಗೆ ರಕ್ತ ಸೋರದಂತೆ ಹಿಡಿದಿಡುವ ಈ ಮಹಾಶಯನನ್ನು ಫ್ರಿಜ್ಜಿನಲ್ಲಿಟ್ಟರೆ ಕೆಡುತ್ತಾನೆ, ಬಿಸಿಲಿಗೆ ಕೆಡುತ್ತಾನೆ, ಅಲುಗಾಡಿಸದೆ ಬಿಟ್ಟರೆ ಮುನಿಸಿಕೊಳ್ಳುತ್ತಾನೆ. ಇಪ್ಪತ್ತರಿಂದ ಇಪ್ಪತ್ನಾಲ್ಕು ಡಿಗ್ರಿಯೊಳಗೆ ಹಗಲು ರಾತ್ರಿ ತೂಗುತ್ತಿರಬೇಕು. ಇಷ್ಟು ಮುದ್ದು ಮಾಡಿದರೂ ಬಾಳುವುದು ಐದೇ ದಿನ. ತೂಗುವ ಯಂತ್ರಕ್ಕೆ ಅಲ್ಲಿ ಎಲ್ಲರೂ ತೊಟ್ಟಿಲು ಎನ್ನುತ್ತಾರೆ. ಮೇ ತಿಂಗಳಲ್ಲಿ ಊರಿಗೆಲ್ಲ ನಲವತ್ಮೂರು ಡಿಗ್ರಿ ಇರುವಾಗ ಆ ಚೀಲಗಳು ಇಪ್ಪತ್ತೆರಡರಲ್ಲಿ ತೂಗಿಸಿಕೊಳ್ಳುತ್ತಿರುವುದನ್ನು ನೋಡಿ ಸುಜಾತಾ, "ಹುಟ್ಟಿದ್ರ ಪ್ಲೇಟ್‌ಲೆಟ್ ಆಗಿ ಹುಟ್ಟಬೇಕು ನೋಡ್ರಿ, ಐದೇ ದಿನ ಆದ್ರೂ ಚಿಂತಿಲ್ಲ" ಎನ್ನುತ್ತಿದ್ದಳು.

ಅವಳ ಬಾಯಿ ಹಾಗೆಯೇ. ರಕ್ತ ಕೊಡುವ ಕಿಟಕಿಯ ಹತ್ತಿರ ಬಂದ ಕೆಲವು ಹಿರಿಯರು ದನಿ ತಗ್ಗಿಸಿ "ಇದು ಯಾರ ಪೈಕಿ ರಕ್ತ?" ಎಂದು ಕೇಳುವುದುಂಟು. ಸುಜಾತಾ ಅಷ್ಟೇ ದನಿ ತಗ್ಗಿಸಿ, "ಎ ಪಾಸಿಟಿವ್ ಪೈಕಿ" ಎನ್ನುತ್ತಾಳೆ. ಮುಂದೆ ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಬಾಯಿಗಿಂತ ಹೆಸರಾದದ್ದು ಅವಳ ಕಣ್ಣು. ಲೋಟದ ನೀರಿಗೆ ಸಕ್ಕರೆ ಹಾಕಿ ಕಲಕದೆ ಬಿಟ್ಟರೆ ಎಳೆ ಎಳೆಯಾಗಿ ಆಡುತ್ತದಲ್ಲ, ಬದುಕಿರುವ ಪ್ಲೇಟ್‌ಲೆಟ್ ಚೀಲವನ್ನು ಬೆಳಕಿಗೆ ಹಿಡಿದು ಅಲುಗಿಸಿದರೂ ಹಾಗೆ ಎಳೆ ಆಡುತ್ತದೆ. ಸತ್ತ ಚೀಲದಲ್ಲಿ ಎಳೆ ಇಲ್ಲ, ಬರೀ ಹಳದಿ ನೀರು. ಹೊಸಬರು ಯಂತ್ರ ಕೊಟ್ಟ ಅಂಕಿ ಓದುವಷ್ಟರಲ್ಲಿ ಸುಜಾತಾ ಟ್ಯೂಬ್‌ಲೈಟಿಗೆ ಹಿಡಿದು "ಅದ" ಅಥವಾ "ಹೋಗ್ಯಾದ" ಎಂದುಬಿಡುತ್ತಿದ್ದಳು. ಅಂಕಿ ಆಮೇಲೆ ಬಂದು ಅವಳ ಮಾತನ್ನೇ ಹೇಳುತ್ತಿತ್ತು.

ಹೀಗಿರುವಾಗ ರಕ್ತನಿಧಿಯ ಡಾಕ್ಟರ್ ಆನಂದಕುಮಾರನಿಗೆ ಸಂಶೋಧನೆ ಮಾಡುವ ಮನಸ್ಸಾಯಿತು. ಕಲಬುರಗಿ ಪಕ್ಕದ ಶರಣಸಿರಸಗಿಯವನು, ಮೂವತ್ತೊಂದು ವರ್ಷ, ಬುದ್ಧಿವಂತ, ಅವಸರ ಜಾಸ್ತಿ. ಅವನ ಪ್ರಶ್ನೆಯೇನೋ ಒಳ್ಳೆಯದೇ: ತಾಲ್ಲೂಕು ಆಸ್ಪತ್ರೆಗಳಲ್ಲಿ ತೊಟ್ಟಿಲಿಲ್ಲ; ಡೆಂಗಿ ಬಂದವರನ್ನು ಕಲಬುರಗಿಗೆ ಹೊತ್ತು ತರುವ ಬದಲು ಪ್ಲೇಟ್‌ಲೆಟ್ಟನ್ನೇ ಅಲ್ಲಿಗೆ ಕಳಿಸಿದರೆ, ತಂಪಿದ್ದರೆ ಸಾಕು, ಒಂದು ರಾತ್ರಿ ತೂಗದೆಯೂ ಬಾಳುತ್ತದೆಯೇ? ಒಂದು ಕಂಪನಿಯವರು ಪುಕ್ಕಟೆ ಪೆಟ್ಟಿಗೆ ಕೊಟ್ಟಿದ್ದರು. ಒಳಗೆ ತಂಪಿನ ಜೆಲ್ ಚೀಲಗಳು, ನಿಮಿಷ ನಿಮಿಷದ ಉಷ್ಣತೆ ಬರೆದಿಡುವ ಬೆಂಕಿಪೊಟ್ಟಣದಷ್ಟು ಯಂತ್ರ. ಇಪ್ಪತ್ನಾಲ್ಕು ಡಿಗ್ರಿ ದಾಟಿದರೆ ಆ ಯಂತ್ರ ಕೂಗುತ್ತದೆ. ಅವಧಿ ಮುಗಿಯುತ್ತ ಬಂದು ಯಾವ ರೋಗಿಗೂ ಬೇಡವಾದ ಚೀಲಗಳನ್ನು ಸಂಜೆ ಕಮಲಾಪುರಕ್ಕೆ ಒಯ್ದು, ರಾತ್ರಿ ಇಟ್ಟು, ಮುಂಜಾನೆ ವಾಪಸು ತಂದು ಪರೀಕ್ಷೆ ಮಾಡಬೇಕು. ಹದಿನಾಲ್ಕು ರಾತ್ರಿ.

ಒಯ್ಯುವವರು ಯಾರು? ದಿನಾ ಹೋಗಿ ಬರುವವಳು ಸುಜಾತಾ. ಅಲ್ಲಿನ ಆಸ್ಪತ್ರೆಯ ಕೋಣೆಯ ಬೀಗ ಐದಕ್ಕೆ ಬೀಳುತ್ತಿತ್ತು, ಅವಳ ಬಸ್ಸು ಏಳಕ್ಕೆ ಮುಟ್ಟುತ್ತಿತ್ತು. ಹಾಗಾಗಿ ಪೆಟ್ಟಿಗೆ ಅವಳ ಮನೆಯಲ್ಲೇ ಇರಲಿ ಎಂದಾಯಿತು. ಸಂಶೋಧನೆಗೆ ಒಪ್ಪಿಗೆ ಕೊಡುವ ಕಮಿಟಿ ಇಪ್ಪತ್ತೆರಡು ಪುಟದ ನಿಯಮ ಓದಿ ಸಹಿ ಹಾಕಿತ್ತು. ಕರೆಂಟ್ ಹೋದರೆ ಏನು, ಬಸ್ಸು ಕೆಟ್ಟರೆ ಏನು, ಚೀಲ ಒಡೆದರೆ ಏನು, ಎಲ್ಲವೂ ಅದರಲ್ಲಿತ್ತು. ಅತ್ತೆಯ ವಿಷಯ ಮಾತ್ರ ಇರಲಿಲ್ಲ.

ಸುಜಾತಾಳ ಅತ್ತೆ ಬಂಡೆಮ್ಮ ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುವವಳು. ಎಪ್ಪತ್ತು ದಾಟಿದೆ, ನಾಲಗೆಗೆ ವಯಸ್ಸಾಗಿಲ್ಲ. ಕೆಂಪು ಬಾಳೆಯದೂ ಪ್ಲೇಟ್‌ಲೆಟ್ಟಿನದೇ ಜಾತಕ: ಫ್ರಿಜ್ಜಿನಲ್ಲಿಟ್ಟರೆ ಕಪ್ಪಾಗುತ್ತದೆ, ಹೊರಗಿಟ್ಟರೆ ಒಂದೇ ದಿನಕ್ಕೆ ಕಳಿತು ಕೂರುತ್ತದೆ. ಅದಕ್ಕೆಂದೇ ಬಂಡೆಮ್ಮ ಒಳಕೋಣೆಯ ಮೂಲೆಯಲ್ಲಿ ಶಹಾಬಾದಿ ಪರಸಿಕಲ್ಲಿನ ಗೂಡು ಮಾಡಿಸಿ, ಸುತ್ತ ಗೋಣಿತಟ್ಟು ಇಳಿಬಿಟ್ಟು, ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಿದ್ದಳು. ಒಣ ಹವೆ ಆ ಒದ್ದೆಯನ್ನು ಹೀರುತ್ತಿದ್ದಂತೆ ಗೂಡು ತಣ್ಣಗಾಗುತ್ತಿತ್ತು. ಬೇಸಿಗೆಯಲ್ಲಿ ಮನೆಯವರೆಲ್ಲ ಮಾಳಿಗೆ ಹತ್ತಿ ಮಲಗಿದರೆ ಬಂಡೆಮ್ಮ ಇಲಿ ಕಾಯಲು ಗೂಡಿನ ಪಕ್ಕದಲ್ಲೇ ಮಲಗುತ್ತಿದ್ದಳು. ಸುಜಾತಾ ಪೆಟ್ಟಿಗೆ ಇಡುತ್ತಿದ್ದದ್ದೂ ಅದೇ ಕೋಣೆಯಲ್ಲಿ.

ಮೊದಲ ಎರಡು ರಾತ್ರಿ ಸಂಶೋಧನೆ ಮಕಾಡೆ ಬಿತ್ತು. ಯಂತ್ರ ಮೂವತ್ತೊಂದು ಡಿಗ್ರಿ ಬರೆದಿತ್ತು. ಸುಜಾತಾ ಚೀಲ ಬೆಳಕಿಗೆ ಹಿಡಿದು "ಹೋಗ್ಯಾದ ಸರ್" ಎಂದಳು. ಆನಂದಕುಮಾರನ ಮುಖ ನೋಡಲಾಗಲಿಲ್ಲ. ಅವಳಿಗೇ ಕನಿಕರ ಬಂದು ಮೂರನೆಯ ದಿನ ಮನೆಯ ಒಂದು ದಪ್ಪ ಟವೆಲು ತಂದು ಚೀಲಗಳಿಗೆ ಸುತ್ತಿದಳು. ಮರುದಿನ ಯಂತ್ರ ತೆಗೆದು ನೋಡಿದರೆ ರಾತ್ರಿಯಿಡೀ ಇಪ್ಪತ್ಮೂರು. ಚೀಲದಲ್ಲಿ ಎಳೆ ಥಕಥಕ ಆಡುತ್ತಿತ್ತು. ನಾಲ್ಕನೆಯ ರಾತ್ರಿಯೂ ಇಪ್ಪತ್ಮೂರು. ಐದನೆಯ ರಾತ್ರಿಯೂ ಅಷ್ಟೇ.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು. ಆದರೆ ಆ ಹೊತ್ತಿಗೆ ಯಾರಿಗೆ ಗೊತ್ತು? ಆನಂದಕುಮಾರ ಟವೆಲನ್ನು ಅಳತೆ ಮಾಡಿದ, ತೂಕ ಮಾಡಿದ, ಫೋಟೊ ತೆಗೆದ. ಒಂದು ವಿಚಿತ್ರ ಇತ್ತು: ಬಸ್ಸಿನಲ್ಲಿ ಉಷ್ಣತೆ ಏರಿ, ರಾತ್ರಿ ಒಂಬತ್ತೂವರೆಗೆ ತಟ್ಟನೆ ಇಳಿದು, ನಸುಕಿಗೆ ಮತ್ತೆ ಏರುತ್ತಿತ್ತು. ಅದಕ್ಕೂ ಅವನ ಹತ್ತಿರ ಉತ್ತರವಿತ್ತು. ಬಸ್ಸಿಳಿದ ಮೇಲೆ ಟವೆಲು ಕೆಲಸ ಶುರುಮಾಡಲು ಎರಡೂವರೆ ತಾಸು ಬೇಕಂತೆ. ಓದಿದವರು ತಪ್ಪು ಮಾಡಿದರೆ ಅದಕ್ಕೆ ಕಾರಣವೂ ಜೊತೆಗೇ ಸಿಗುತ್ತದೆ. ಮೊದಲ ಎರಡು ರಾತ್ರಿಯ ಅಂಕಿಯನ್ನು ಅವನು 'ಪ್ಯಾಕಿಂಗ್ ದೋಷ' ಎಂದು ತೆಗೆದುಹಾಕಿದ.

"ಮೇಡಂ, ಟವೆಲ್ ನಿಮ್ಮದು. ಪ್ರಬಂಧದಾಗ ನಿಮ್ಮ ಹೆಸರು ಹಾಕ್ತೀನಿ. ಮೂರನೇ ಹೆಸರು" ಎಂದ.

ಸುಜಾತಾ ಅಂದು ಮನೆಗೆ ಬಂದವಳು ಆ ಮಾತನ್ನು ಗಂಡ ತುಕಾರಾಮನಿಗೆ ಮೂರು ಸಲ ಹೇಳಿದಳು. ಹತ್ತೊಂಬತ್ತು ವರ್ಷ ಗುತ್ತಿಗೆಯ ಕೆಲಸ. ಎಷ್ಟೋ ಡಾಕ್ಟರುಗಳು ಅವಳು ತೆಗೆದುಕೊಟ್ಟ ಅಂಕಿಗಳಿಂದ ಪ್ರಬಂಧ ಬರೆದು, ಬಡ್ತಿ ಪಡೆದು, ಹೊಟ್ಟೆ ಬೆಳೆಸಿಕೊಂಡು ಹೋಗಿದ್ದರು. ಕೊನೆಯ ಪುಟದಲ್ಲಿ 'ಲ್ಯಾಬ್ ಸಿಬ್ಬಂದಿಗೆ ಧನ್ಯವಾದ' ಎಂಬ ಸಾಲಿನಲ್ಲಿ ಅವಳು ಇರುತ್ತಿದ್ದಳು, ಕಸ ಗುಡಿಸುವ ಬಷೀರುನ್ನೀಸಾಳ ಜೊತೆಗೆ. ಬಷೀರುನ್ನೀಸಾ ಓದಲು ಬಾರದವಳು, ಅವಳಿಗೆ ಬೇಸರವಿರಲಿಲ್ಲ. ಸುಜಾತಾಳಿಗೆ ಇತ್ತು. ತನ್ನ ಹೆಸರು ಅಚ್ಚಾಗಬೇಕು ಎಂಬ ಆಸೆ ಅವಳಿಗೆ ಹಸಿವಿನಷ್ಟೇ ನಿಜವಾಗಿತ್ತು, ಅದನ್ನು ಮುಚ್ಚಿಡುವ ನಾಚಿಕೆಯೂ ಅವಳಿಗಿರಲಿಲ್ಲ. ಓಣಿಗೆಲ್ಲ ಸುದ್ದಿ ಹೋಯಿತು. ಬಂಡೆಮ್ಮನಿಗೆ ಗೊನೆ ಕೊಡುವ ಬಾಳೆತೋಟದ ಭಾಗಪ್ಪ, "ನಮ್ಮೂರಿಗೆ ಪ್ಲೇಟ್‌ಲೆಟ್ ತರಾಕಿ ನಮ್ಮ ಸುಜಾತಾ" ಎಂದು ಚಹಾದಂಗಡಿಯಲ್ಲಿ ತಾನೇ ಕಂಡುಹಿಡಿದವನಂತೆ ಹೇಳತೊಡಗಿದ.

ಹದಿನಾಲ್ಕು ರಾತ್ರಿ ಮುಗಿದವು. ಸೋಮವಾರ ಸಭೆ, ರಕ್ತನಿಧಿಯ ಮುಖ್ಯಸ್ಥೆ ಡಾಕ್ಟರ್ ಗುರುದೇವಿ ಒಪ್ಪಿದರೆ ಒಂದನೇ ತಾರೀಖಿನಿಂದ ಆ ಪೆಟ್ಟಿಗೆಯಲ್ಲಿ ರೋಗಿಗಳಿಗೇ ಪ್ಲೇಟ್‌ಲೆಟ್ ಹೊರಡಬೇಕು. ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಸುಜಾತಾ ಅತ್ತೆಗೆ ಹೇಳಿದಳು: "ಅತ್ತಿ, ಇನ್ಮ್ಯಾಲ ಪೆಟಗಿ ಮನೀಗಿ ಬರಂಗಿಲ್ಲ. ಸೀದಾ ನಮ್ಮೂರ ದವಾಖಾನಿಗೇ ಹೋಗ್ತದ."

ಬಾಳೆಗೊನೆ ತಿರುವುತ್ತಿದ್ದ ಬಂಡೆಮ್ಮ ಕೈ ನಿಲ್ಲಿಸಿದಳು. "ದವಾಖಾನ್ಯಾಗ ಗೋಣಿತಟ್ಟು ಯಾರು ತೋಯಿಸ್ತಾರ?"

"ಯಾ ಗೋಣಿತಟ್ಟು?"

"ಇದೇ. ಇನ್ಯಾದು? ಆ ಪೆಟಗ್ಯಾಗಿನ ಹುಳ ಕೀಂವ್ ಕೀಂವ್ ಅಂತ ಒದರ್ತಿತ್ತು. ಎರಡು ದಿನ ತಡಕೊಂಡೆ. ಮೂರನೇ ದಿನ ತಗದು ನೋಡಿದ್ರ ಹಳದಿ ಚೀಲ, ಅದಕ್ಕ ಕಟ್ಟಿದ ಹುಳ. ಕೊಡದ ಹತ್ರ ಇಟ್ಟೆ, ಒದರ್ತು. ಹೊರಸಿನ ಕೆಳಗ ಇಟ್ಟೆ, ಒದರ್ತು. ಬಾಳಿ ಗೂಡಿನಾಗ ಇಟ್ಟೆ, ಗಪ್ಪಾಯ್ತು. ಕಾಯಿಗಿ ಬೇಕಾಗಿದ್ದೇ ಅದಕ್ಕೂ ಬೇಕಾಗಿತ್ತು, ಪಾಪ."

ಸುಜಾತಾ ಇದ್ದಲ್ಲೇ ಕೂತಳು. "ದಿನಾ ಇಟ್ಟೀರೇನು?"

"ದಿನಾ. ಒಂಬತ್ತೂವರಿಗಿ ನೀವೆಲ್ಲಾ ಮಾಳಿಗಿ ಹತ್ತಿದ ಮ್ಯಾಲ ಗೂಡಿನಾಗ ಇಟ್ಟು, ನಸುಕಿನಾಗ ಎದ್ದು ತಿರುಗಿ ನಿನ್ನ ಟಾವೆಲ್ ಸುತ್ತಿ ಪೆಟಗ್ಯಾಗ ಇಡ್ತಿದ್ದೆ. ನೀ ಮಾಳಿಗಿ ಮ್ಯಾಲ ಮಲಗಿದ್ದಿ. ಹೇಳಿದ್ರ ಬೈತಿದ್ದಿ."

ಬೈಯಬೇಕಿತ್ತು, ಬೈಗುಳ ಬರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಎರಡರ ಕೆಳಗೆ ಹೊಟ್ಟೆಕಿಚ್ಚೂ ಇತ್ತು. ಟವೆಲು ಏನೂ ಮಾಡಿರಲಿಲ್ಲ. ಪೆಟ್ಟಿಗೆ ಏನೂ ಮಾಡಿರಲಿಲ್ಲ. ಹನ್ನೆರಡು ರಾತ್ರಿ ಚೀಲಗಳನ್ನು ಬದುಕಿಸಿದ್ದು ನಿದ್ದೆ ಕೆಟ್ಟ ಮುದುಕಿ. ಒಂದನೇ ತಾರೀಖಿನಿಂದ ಆ ಪೆಟ್ಟಿಗೆ ಆಸ್ಪತ್ರೆಯ ಬಿಸಿ ಕೋಣೆಯಲ್ಲಿ ಕೂರುತ್ತದೆ, ಒಳಗಿನ ಚೀಲ ರಾತ್ರಿಯೇ ಸಾಯುತ್ತದೆ, ಬೆಳಿಗ್ಗೆ ಯಾರದೋ ಕೈಗೆ ಏರುತ್ತದೆ.

ಸೋಮವಾರ ಬೆಳಿಗ್ಗೆ ರಕ್ತನಿಧಿಯ ಎದುರಿನ ಚಹಾದಂಗಡಿಯಲ್ಲಿ ಅವಳು ಆನಂದಕುಮಾರನಿಗೆ ಎಲ್ಲ ಹೇಳಿದಳು. ಅವನು ಚಹಾ ಕೆಳಗಿಟ್ಟ.

"ಮೇಡಂ, ಯಂತ್ರ ಬರದಿದ್ದು ಇಪ್ಪತ್ಮೂರು. ನಾವು ಸುಳ್ಳು ಬರದಿಲ್ಲ."

"ಸುಳ್ಳು ಬರದಿಲ್ಲ ಸರ್. ಚೀಲ ಎಲ್ಲಿತ್ತು ಅನ್ನೋದು ಬರದಿಲ್ಲ."

ಅವನು ಜೇಬಿನಿಂದ ಪೆನ್ನು ತೆಗೆದ. "'ತೇವಾಂಶ ಆಧಾರಿತ ಸ್ಥಳೀಯ ಶೀತಲ ಪರಿಸರ' ಅಂತ ಒಂದು ಸಾಲು ಸೇರಿಸೋಣೇನು?"

"ಸೇರಿಸ್ರಿ. ಆದ್ರ ಆ ಪರಿಸರ ದವಾಖಾನ್ಯಾಗ ಇಲ್ಲ, ನಮ್ಮ ಮನ್ಯಾಗ ಅದ. ಬಾಳಿಹಣ್ಣಿನ ಜೋಡಿ."

"ಪೆಟಗಿ ಮುಂದ ಸುಧಾರಿಸಬಹುದು, ಮೇಡಂ. ಇವತ್ತು ಬಾಯಿ ಬಿಟ್ರ ಎಲ್ಲಾ ಹೋಗ್ತದ. ನಿಮ್ಮ ಹೆಸರೂ ಅದರಾಗ ಅದ, ನೆನಪಿರ್ಲಿ."

ನೆನಪಿತ್ತು. ನಿಜ ಹೇಳಬೇಕೆಂದರೆ, ಸಭೆಯ ಕೋಣೆಯೊಳಗೆ ಹೋಗುವಾಗ ಸುಜಾತಾ ಸುಮ್ಮನಿರುವುದೆಂದೇ ನಿಶ್ಚಯ ಮಾಡಿದ್ದಳು. ಡಾಕ್ಟರಿಗೆ ಹೇಳಿದ್ದಾಯಿತು, ಇನ್ನು ಅವರಿಗೆ ಬಿಟ್ಟದ್ದು, ನಾನು ಗುತ್ತಿಗೆಯವಳು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಹಿಂದಿನ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಅಂಕಿ ಬಂದವು, ಗೆರೆಗಳು ಬಂದವು, ಟವೆಲಿನ ಫೋಟೊ ಬಂತು. ಕೊನೆಯ ಚಿತ್ರದಲ್ಲಿ ಐದು ಹೆಸರು. ಮೂರನೆಯದು ಅವಳದು, ಒಂದಕ್ಷರವೂ ತಪ್ಪಿಲ್ಲದೆ. ಅವಳು ಅದನ್ನು ಎರಡು ಸಲ ಓದಿಕೊಂಡಳು.

ಗುರುದೇವಿ ಕನ್ನಡಕ ತೆಗೆದು ಹಿಂದೆ ತಿರುಗಿದರು. "ಒಂದನೇ ತಾರೀಖಿನಿಂದ ಕಮಲಾಪುರಕ್ಕೆ ಕಳಸೋಣು. ಅದಕ್ಕಿಂತ ಮೊದಲು ಸುಜಾತಾ ಅವರ ಟವೆಲ್‌ಗೆ ಎಲ್ಲಾರೂ ಒಮ್ಮೆ ಚಪ್ಪಾಳಿ ಹೊಡೀರಿ."

ಹೊಡೆದರು. ಬೈದಿದ್ದರೆ ಸುಜಾತಾ ಸಹಿಸಿಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಚಪ್ಪಾಳೆಯನ್ನು ಮಾತ್ರ ಅವಳಿಂದ ತಾಳಲಾಗಲಿಲ್ಲ. ಮೊದಲ ಎರಡು ದಿನ ತಾನೇ ಬೆಳಕಿಗೆ ಹಿಡಿದಿದ್ದ ಆ ಸತ್ತ ಚೀಲಗಳು ಕಣ್ಣಿಗೆ ಕಟ್ಟಿದವು. ಎದ್ದು ನಿಂತಳು.

"ಚಪ್ಪಾಳಿ ನಿಲ್ಲಸ್ರಿ ಮೇಡಂ. ಹದಿನಾಲ್ಕು ರಾತ್ರಿಯೊಳಗ ಚೀಲ ಪೆಟಗ್ಯಾಗ ಇದ್ದಿದ್ದು ಎರಡೇ ರಾತ್ರಿ. ಉಳಿದ ಹನ್ನೆರಡು ರಾತ್ರಿ ನಮ್ಮತ್ತಿ ಬಾಳಿಹಣ್ಣಿನ ಗೂಡಿನಾಗ ಮಲಗಿದ್ವು. ತಂಪು ಟವೆಲಿಂದಲ್ಲ, ಹಸಿ ಗೋಣಿತಟ್ಟಿಂದು."

ಮೂಲೆಯಿಂದ ಯಾರೋ "ಹಣ್ಣಾಗಿದ್ವೇನ್ರಿ?" ಎಂದರು. ಕೋಣೆಯೆಲ್ಲ ನಕ್ಕಿತು. ಆನಂದಕುಮಾರ ನೆಲ ನೋಡುತ್ತಿದ್ದ. ಗುರುದೇವಿ ಒಬ್ಬರೇ ನಗಲಿಲ್ಲ.

"ಮೊದಲಿನ ಎರಡು ರಾತ್ರಿ ಅಂಕಿ ಎಲ್ಲಿ ಅವ?" ಎಂದು ಕೇಳಿದರು.

"ತಗದೀನಿ ಮೇಡಂ. ಪ್ಯಾಕಿಂಗ್ ತಪ್ಪು ಅಂತ," ಎಂದ ಆನಂದಕುಮಾರ.

"ಮೂವತ್ತೊಂದು ಡಿಗ್ರಿ ಇತ್ರೀ. ಎಳಿ ಇದ್ದಿಲ್ಲ. ಎರಡೂ ದಿನ ನಾನೇ ನೋಡೀನಿ," ಎಂದಳು ಸುಜಾತಾ. "ಖರೇ ಅಂಕಿ ಅವೇ."

ಪೆಟ್ಟಿಗೆ ಉಗ್ರಾಣಕ್ಕೆ ಹೋಯಿತು. ಪ್ರಬಂಧ ನಿಂತಿತು, ಮೂರನೆಯ ಹೆಸರೂ ಅದರ ಜೊತೆಗೇ ಹೋಯಿತು. ಆನಂದಕುಮಾರ ಎರಡು ವಾರ ಮಾತಾಡಲಿಲ್ಲ. ಸುಜಾತಾಳಿಗೆ ಒಂದು ಮೆಮೊ ಬಂತು: ಸಂಶೋಧನೆಯ ಚೀಲಗಳನ್ನು ಅನಧಿಕೃತ ವ್ಯಕ್ತಿಯೊಬ್ಬರು ಮುಟ್ಟಿದ್ದೇಕೆ, ಮೂರು ದಿನದೊಳಗೆ ಉತ್ತರಿಸುವುದು. ಮನೆಯಲ್ಲಿ ಅದನ್ನು ಓದಿ ಹೇಳಿದಾಗ ಬಂಡೆಮ್ಮ, "ಅನಧಿಕೃತ ಅಂದ್ರ ಏನು?" ಎಂದಳು. ಅರ್ಥ ಗೊತ್ತಾದ ಮೇಲೆ, "ಮನಿ ನಂದು, ಗೂಡು ನಂದು, ಗೋಣಿತಟ್ಟು ನಂದು. ಬಂದಿದ್ದು ಅವರ ಚೀಲ. ಅನಧಿಕೃತ ಯಾರು ಅಂತ ಬರಿ" ಎಂದಳು. ಸುಜಾತಾ ಅದನ್ನು ಬರೆಯಲಿಲ್ಲ, ಬರೆಯಬೇಕೆನ್ನಿಸಿತ್ತು.

ಮೆಮೊ ಏನೋ ತಡೆದುಕೊಳ್ಳಬಹುದಿತ್ತು. ಊರಿನ ಮಾತು ತಡೆಯುವುದು ಕಷ್ಟವಾಯಿತು. ಕಮಲಾಪುರಕ್ಕೆ ಸುದ್ದಿ ಮುಟ್ಟಿದ್ದು ಹೀಗೆ: ದೊಡ್ಡ ಡಾಕ್ಟರುಗಳು ಪ್ಲೇಟ್‌ಲೆಟ್ ಕಳಿಸಲು ತಯಾರಿದ್ದರು, ಸುಜಾತಾ ಎದ್ದು ನಿಂತು ಬೇಡವೆಂದಳು. ಭಾಗಪ್ಪ ಅದೇ ಚಹಾದಂಗಡಿಯಲ್ಲಿ, "ಊರಿಗಿ ಬರೋದನ್ನ ಊರಾಕೇ ತಡದಳು" ಎಂದ. ಬಸ್ಸಿನಲ್ಲಿ ಪರಿಚಯದವರು ಮುಖ ಆಚೆ ತಿರುಗಿಸಿದರು. ಗೋಣಿತಟ್ಟಿನ ಕಥೆಯನ್ನು ಅವಳು ಒಂದಿಬ್ಬರಿಗೆ ಹೇಳಿ ನೋಡಿದಳು. ಅವರು ನಕ್ಕು, ನೀವಿಬ್ಬರೂ ಕೂಡಿ ಕೆಡಿಸಿದಿರಿ ಎಂದರು. ಆ ದಿನಗಳಲ್ಲಿ ಸುಜಾತಾಳಿಗೆ ತಾನು ಬಾಯಿ ಬಿಟ್ಟದ್ದೇ ತಪ್ಪಾಯಿತೇನೋ ಎಂದು ಎಷ್ಟೋ ಸಲ ಅನ್ನಿಸಿತು.

ಜೂನ್ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳ ಕಿಟಕಿಯ ಮುಂದೆ ಭಾಗಪ್ಪ ಬಂದು ನಿಂತ. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ. ಮಗಳು ರೇವತಿಗೆ ಡೆಂಗಿ, ಪ್ಲೇಟ್‌ಲೆಟ್ ಹತ್ತು ಸಾವಿರಕ್ಕೆ ಇಳಿದಿತ್ತು, ವಸಡಿನಲ್ಲಿ ರಕ್ತ. ಆಂಬುಲೆನ್ಸಿನಲ್ಲಿ ಕಲಬುರಗಿಯ ಆಸ್ಪತ್ರೆಗೆ ತಂದು ಹಾಕಿ, ಡಾಕ್ಟರು ಬರೆದ ಚೀಟಿ ಹಿಡಿದು ಬಂದಿದ್ದ. ಕಿಟಕಿಯ ಆಚೆ ಸುಜಾತಾಳನ್ನು ಕಂಡವನೇ ದನಿ ಏರಿಸಿದ.

"ದಾರ‍್ಯಾಗ ಎರಡು ಸಲ ರಕ್ತ ಕಾರ‍್ಯಾಳ. ಮುಂಜಾನೀನೇ ಊರಾಗ ಏರಿಸಬಹುದಿತ್ತು. ನಿಮ್ಮ ಪೆಟಗಿ ಬಂದಿದ್ರ ನನ್ನ ಮಗಳು ಇಷ್ಟು ನರಳ್ತಿದ್ದಿಲ್ಲ. ನೀವೇ ತಡದ್ರಿ."

ಸಾಲಿನಲ್ಲಿದ್ದವರೆಲ್ಲ ನೋಡಿದರು. ಸುಜಾತಾ ಚೀಟಿ ತೆಗೆದುಕೊಂಡು ರಕ್ತದ ಗುಂಪು ನೋಡಿ, ಒಳಗೆ ಹೋಗಿ, ತೊಟ್ಟಿಲಿನಿಂದ ಚೀಲ ತೆಗೆದಳು. ಬೇಕಾದ ಪರೀಕ್ಷೆ ಮುಗಿಸಿ, ದಾಖಲೆ ಬರೆದಳು. ಆಮೇಲೆ ಕಿಟಕಿಯಿಂದ ಕೊಡದೆ, ಬಾಗಿಲು ತೆರೆದು ಹೊರಗೆ ಬಂದಳು. ಅವನನ್ನು ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ಚೀಲವನ್ನು ಎತ್ತಿ ಹಿಡಿದಳು.

"ನೋಡ್ರಿ ಕಾಕಾ."

ಭಾಗಪ್ಪ ಒಲ್ಲದ ಮನಸ್ಸಿನಿಂದ ತಲೆಯೆತ್ತಿದ. ಅವಳು ಬೆರಳಿನಿಂದ ಮೆಲ್ಲಗೆ ಅಲುಗಿಸಿದಳು. ಹಳದಿಯೊಳಗೆ ಎಳೆಗಳು ಎದ್ದವು, ಸುತ್ತಿದವು, ಬೆಳಕಿನಲ್ಲಿ ಮಿಂಚಿದವು.

"ಏನೋ ಆಡಾಕತ್ತದ," ಎಂದ.

"ಅದೇ ಜೀವ. ಆ ಪೆಟಗ್ಯಾಗ ಒಂದು ರಾತ್ರಿ ಇದ್ದಿದ್ರ ಇದು ಆಡ್ತಿದ್ದಿಲ್ಲ. ಚೀಲ ಇದೇ ಇರ್ತಿತ್ತು, ಬಣ್ಣ ಇದೇ ಇರ್ತಿತ್ತು. ಊರಾಗ ಮುಂಜಾನಿ ರೇವತಿಗಿ ಏರಸ್ತಿದ್ರು. ನೀವು ನನಗ ಕೈಮುಗೀತಿದ್ರಿ. ಸಂಜಿಗಿ ಆಕಿಗಿ ಏನಾದ್ರೂ ಆಗಿದ್ರ, ಹಣೆಬರಾ ಅಂತಿದ್ರಿ. ಯಾಕಾಯ್ತು ಅಂತ ಯಾರಿಗೂ ಗೊತ್ತಾಗ್ತಿದ್ದಿಲ್ಲ." ಅವಳ ದನಿ ಒಡೆಯಿತು, ಅದನ್ನು ಅವಳು ಮುಚ್ಚಿಕೊಳ್ಳಲಿಲ್ಲ. "ನನ್ನ ಹೆಸರು ಮಾತ್ರ ಛೊಲೊ ಅಚ್ಚಾಗಿರ್ತಿತ್ತು."

ಭಾಗಪ್ಪ ಚೀಲವನ್ನೇ ನೋಡುತ್ತಿದ್ದ. ಕೊನೆಗೆ ಎರಡೂ ಕೈ ಮುಂದೆ ಮಾಡಿದ.

"ಫ್ರಿಜ್ಜಿನಾಗ ಇಡಬ್ಯಾಡ್ರಿ, ಎಲ್ಲೂ ನಿಲ್ಲಬ್ಯಾಡ್ರಿ, ಸೀದಾ ಒಯ್ದು ಸಿಸ್ಟರ್ ಕೈಯಾಗ ಕೊಡ್ರಿ," ಎಂದು ಸುಜಾತಾ ಚೀಲವನ್ನು ಅವನ ಕೈಗಿಟ್ಟಳು.

ಅವನು ನಾಲ್ಕು ಹೆಜ್ಜೆ ಹೋಗಿ ನಿಂತ. ನಿಲ್ಲಬೇಡ ಎಂದದ್ದು ನೆನಪಾಗಿ ಮತ್ತೆ ನಡೆದ. ಬಾಗಿಲು ದಾಟುವ ಮೊದಲು, ಹೊರಗಿನ ಬೆಳಕಿಗೆ ಚೀಲವನ್ನು ಒಮ್ಮೆ ಎತ್ತಿ, ಇನ್ನೂ ಆಡುತ್ತಿದೆಯೇ ಎಂದು ತಾನೇ ನೋಡಿಕೊಂಡ.